ಹೊಸ ಕಾರಿನ ಬ್ರೇಕ್ ಗಪ್ಪನೆ ಹಿಡಿಯುತ್ತಿದೆಯಾ? ‘ಸೆಟ್ ಆಗುತ್ತೆ’ ಅಂದರೆ ಸುಮ್ಮನಿರಬೇಡಿ

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅದು ಆರನೆಯದೋ ಏಳನೆಯದೋ. ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೊರಟಿದ್ದೆ. ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದೆ. ತಿರುವಿಗೆ ಮುಂಚೆ ಬ್ರೇಕ್ ಮೇಲೆ ಕಾಲಿಟ್ಟೆ ಅಷ್ಟೇ. ಕಾರು ಗಪ್ಪನೆ ನಿಂತು, ಮೂತಿ ಎಡಕ್ಕೆ ಎಳೆಯಿತು. ಹಿಂದೆ ಕೂತಿದ್ದ ಮಗಳು ಮುಂದಿನ ಸೀಟಿಗೆ ಹಣೆ ಹೊಡೆದುಕೊಂಡಳು. ಕನ್ನಡಿಯಲ್ಲಿ ನೋಡಿದರೆ, ಹಿಂದಿದ್ದ ಮಿನಿ ಬಸ್ಸಿನ ಗಾಜು ನಮ್ಮ ಡಿಕ್ಕಿಗೆ ಒಂದು ಮಾರು ದೂರದಲ್ಲಿತ್ತು. ಆ ಡ್ರೈವರ್ ಹೇಗೆ ನಿಲ್ಲಿಸಿದರೋ ಗೊತ್ತಿಲ್ಲ. ಇವತ್ತಿಗೂ ಅವರನ್ನು ನೆನೆಸಿಕೊಳ್ಳುತ್ತೇನೆ.

ಕಾರು ಮನೆಗೆ ಬಂದು ಆಗ 24 ದಿನ ಆಗಿತ್ತು. ಆ 24 ದಿನದಲ್ಲಿ ನಾನು ಷೋರೂಮಿಗೆ ಮೂರು ಸಲ ಹೋಗಿ ಬಂದಿದ್ದೆ.

ಬ್ರೇಕ್ ಸರಿಯಿಲ್ಲ ಅಂತ ಮೊದಲ ವಾರವೇ ಅನಿಸಿತ್ತು. ಪೆಡಲ್ ಮುಟ್ಟಿದರೆ ಸಾಕು, ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಿದ್ದರು. ಸರ್ವಿಸ್ ಅಡ್ವೈಸರ್ ನಗುತ್ತಾ, “ಸಾರ್, ಹಳೇ ಕಾರಿನ ಕಾಲು ನಿಮ್ಮದು. ಹೊಸ ಗಾಡಿ ಬ್ರೇಕ್ ಶಾರ್ಪ್ ಇರುತ್ತೆ. ಸಾವಿರ ಕಿಲೋಮೀಟರ್ ಓಡಿಸಿ, ತಾನಾಗೇ ಸೆಟ್ ಆಗುತ್ತೆ” ಅಂದರು. ನಾನು ನಂಬಿದೆ. ಯಾಕೆಂದರೆ ಆ ಮಾತಿನಲ್ಲಿ ಅರ್ಧ ನಿಜವೂ ಇದೆ. ನನ್ನ ಹಳೆಯದು 2010ರ ಕಾರು. ಪೆಡಲನ್ನು ಜೋರಾಗಿ ಒತ್ತಿ ಒತ್ತಿ ಕಾಲು ಹಾಗೇ ಪಳಗಿತ್ತು. ಹೊಸ ಕಾರಿನ ಬೂಸ್ಟರ್ ಸ್ವಲ್ಪ ಒತ್ತಿದರೂ ಜಾಸ್ತಿ ಬಲ ಕೊಡುತ್ತದೆ. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್, ಅದನ್ನು ಅದುಮಿ ಹಿಡಿಯುವುದು ಪ್ಯಾಡು. ಹೊಸ ಪ್ಯಾಡು ಡಿಸ್ಕಿಗೆ ಸರಿಯಾಗಿ ಕೂರಲು ಕೆಲವು ನೂರು ಕಿಲೋಮೀಟರ್ ಬೇಕು. ರಾತ್ರಿ ಮಳೆಯಲ್ಲಿ ನಿಂತ ಕಾರಿನ ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಕೂತು, ಬೆಳಗ್ಗೆ ಮೊದಲ ಎರಡು ಮೂರು ಸಲ ಕರ್ ಅಂತ ಹಿಡಿಯುವುದೂ ಮಾಮೂಲಿ.

ಆದರೆ ಇವೆಲ್ಲ ದಿನ ಹೋದ ಹಾಗೆ ಕಡಿಮೆ ಆಗಬೇಕು. ನನ್ನದು ಜಾಸ್ತಿ ಆಗುತ್ತಾ ಹೋಯಿತು. ಕಾರು ಹೊರಟಾಗ ಸರಿಯಿರುತ್ತಿತ್ತು, ಹತ್ತು ಕಿಲೋಮೀಟರ್ ಓಡಿದ ಮೇಲೆ ಹಿಡಿಯುವುದಕ್ಕೆ ಶುರು. ಸ್ಟಿಯರಿಂಗ್ ಎಡಕ್ಕೇ ಎಳೆಯುತ್ತಿತ್ತು. ಇಳಿದು ನಿಂತರೆ ಸುಟ್ಟ ವಾಸನೆ. ಇಷ್ಟು ಕಣ್ಣೆದುರೇ ಇದ್ದರೂ, ಹೊಸ ಕಾರಿಗೆ ಏನಾಗುತ್ತೆ ಅಂತ ಸುಮ್ಮನಿದ್ದೆ. ಆ ತಪ್ಪು ನನ್ನದೇ.

ಘಾಟಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ. ಮುಟ್ಟಲಿಲ್ಲ, ಮುಟ್ಟಲೂಬೇಡಿ, ಕೈ ಸುಡುತ್ತದೆ. ಘಾಟಿ ಇಳಿದ ಮೇಲೆ ಎಲ್ಲಾ ಚಕ್ರವೂ ಬಿಸಿ ಇರುತ್ತದೆ, ಸರಿ. ಆದರೆ ಮುಂದಿನ ಎಡ ಚಕ್ರದ ಕಾವು ಬೇರೆಯದೇ. ಒಲೆಯ ಬಾಯಿಗೆ ಕೈ ಹಿಡಿದ ಹಾಗಿತ್ತು. ಅಮ್ಮ ಮತ್ತು ಮಗಳನ್ನು ಬಸ್ಸಿಗೆ ಹತ್ತಿಸಿ, ನಾನು ಹೆಬ್ರಿಯ ಒಂದು ಗ್ಯಾರೇಜಿನವರನ್ನು ಅಲ್ಲಿಗೇ ಕರೆಸಿದೆ.

ಅವರು ಜಾಕ್ ಕೊಟ್ಟು ಚಕ್ರ ಬಿಚ್ಚಿದರು. ಒಳಗೆ ನೋಡಿ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, “ಇದಕ್ಕೆ ಡಾಂಬರು ಹೊಡೆದದ್ದು ಯಾರು ಮಾರಾಯ್ರೆ?” ಅಂತ ಕೇಳಿದರು. ಡಿಸ್ಕಿನ ಒಳಮೈಯಲ್ಲಿ ಅಂಚಿನುದ್ದಕ್ಕೂ ಕಪ್ಪು ಚುಕ್ಕೆಗಳು ಗಟ್ಟಿಯಾಗಿ ಅಂಟಿದ್ದವು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಮೇಲೆಲ್ಲಾ ಅದೇ ಕಪ್ಪು. ಪ್ಯಾಡು ಹೊರತೆಗೆದು ಉಗುರಿನಲ್ಲಿ ಕೆರೆದರೆ, ಉಗುರಿನ ಸಂದಿಗೆ ಅಂಟು ಅಂಟಾಗಿ ಬಂತು.

ಅಂಡರ್‌ಬಾಡಿ ಕೋಟಿಂಗ್, ಅಂದರೆ ತುಕ್ಕು ಹಿಡಿಯದ ಹಾಗೆ ಕಾರಿನ ತಳಕ್ಕೆ ಹೊಡೆಯುವ ಲೇಪ. ಆಯುಧಪೂಜೆಗೆ ಡೆಲಿವರಿ ಬೇಕು ಅಂತ ನಾನು ಅವಸರ ಮಾಡಿದ್ದೆ. “ಮಲೆನಾಡಿನ ಮಳೆ ಸಾರ್, ಕೋಟಿಂಗ್ ಇಲ್ಲದಿದ್ದರೆ ತಳ ತುಕ್ಕು ಹಿಡಿಯುತ್ತೆ” ಅಂತ ಷೋರೂಮಿನವರು ಬಿಲ್ಲಿಗೆ ಸೇರಿಸಿದ್ದರು. ಡೆಲಿವರಿಯ ಹಿಂದಿನ ಸಂಜೆ ಚಕ್ರ ಬಿಚ್ಚದೆ, ಬ್ರೇಕಿಗೆ ಒಂದು ಪ್ಲಾಸ್ಟಿಕ್ ಕೂಡ ಮುಚ್ಚದೆ ಸ್ಪ್ರೇ ಹೊಡೆದಿದ್ದಾರೆ.

ಆ ಮೆಕ್ಯಾನಿಕ್ ನನಗೆ ಬಿಡಿಸಿ ಹೇಳಿದರು. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರಬೇಕು. ಆಗಲೇ ಕಾಲು ತೆಗೆದ ಕೂಡಲೇ ಪ್ಯಾಡು ಡಿಸ್ಕನ್ನು ಬಿಡುತ್ತದೆ. ಅಲ್ಲಿ ಅಂಟು ಕೂತರೆ ಪ್ಯಾಡು ಉಜ್ಜುತ್ತಲೇ ಇರುತ್ತದೆ, ಚಕ್ರ ಕಾಯುತ್ತದೆ. ಕಾದಾಗ ಪ್ಯಾಡಿಗೆ ಹತ್ತಿದ ಕೋಟಿಂಗ್ ಮೆತ್ತಗಾಗಿ ಡಿಸ್ಕನ್ನು ಕಚ್ಚುತ್ತದೆ. ಒಂದು ಕಡೆ ಮಾತ್ರ ಹೀಗಾದರೆ ಕಾರು ಆ ಕಡೆಗೇ ಎಳೆಯುತ್ತದೆ. ನನ್ನ ಮೂರು ತೊಂದರೆಗೂ ಕಾರಣ ಅದೊಂದೇ.

ಷೋರೂಮಿನವರು ಮೊದಲು ಹೇಳಿದ್ದು, ಪ್ಯಾಡು ಸವೆಯುವ ಸಾಮಾನು, ವಾರಂಟಿ ಬರುವುದಿಲ್ಲ ಅಂತ. ಪುಣ್ಯಕ್ಕೆ ಏನನ್ನೂ ಒರೆಸುವ ಮೊದಲೇ ಫೋಟೋ ತೆಗೆದಿದ್ದೆ. ಫೋಟೋ ಮತ್ತು ಕೋಟಿಂಗಿನ ಬಿಲ್ ಎರಡನ್ನೂ ಅವರಿಗೂ ಕಂಪನಿಗೂ ಇಮೇಲ್ ಮಾಡಿದೆ. 1915ಕ್ಕೆ, ಅದೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಕೊಟ್ಟೆ. ಹನ್ನೊಂದನೇ ದಿನ ಮುಂದಿನ ಎರಡೂ ಚಕ್ರಗಳ ಪ್ಯಾಡು ಬದಲಾಯಿಸಿ, ಡಿಸ್ಕ್ ತೊಳೆದು, ಪಿನ್ನಿಗೆ ಹೊಸ ಗ್ರೀಸ್ ಹಾಕಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ಕಡೆ ಮಾತ್ರ ಹಾಕಿಸಬೇಡಿ, ಎಡ ಬಲ ಒಟ್ಟಿಗೇ ಬದಲಾಗಬೇಕು.

ನನ್ನ ಹತ್ತಿರ ಇಲ್ಲದಿದ್ದದ್ದು ಜಾಬ್ ಕಾರ್ಡ್, ಅಂದರೆ ಗಾಡಿಯ ದೂರನ್ನು ಸರ್ವಿಸಿನವರು ಬರೆದುಕೊಡುವ ಚೀಟಿ. ಮೂರು ಸಲ ಹೋದರೂ ಎಲ್ಲಾ ಬಾಯಿಮಾತಿನಲ್ಲೇ ಮುಗಿದಿತ್ತು, ಹಾಗಾಗಿ ನಾನು ಬಂದೇ ಇಲ್ಲ ಅಂತ ವಾದಿಸಿದರು. ನೀವು ಹೋದರೆ ‘ಬ್ರೇಕ್ ಹಿಡಿಯುತ್ತೆ, ಎಡಕ್ಕೆ ಎಳೆಯುತ್ತೆ’ ಅಂತ ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಟೆಸ್ಟ್ ಡ್ರೈವಿಗೆ ಅವರ ಪಕ್ಕದಲ್ಲೇ ಕೂತು ಹೋಗಿ, ಅದೂ ಬ್ರೇಕ್ ಬಿಸಿಯಾಗುವಷ್ಟು ದೂರ. ಷೋರೂಮಿನ ಕಾಂಪೌಂಡಿನಲ್ಲಿ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಎಲೆಕ್ಟ್ರಿಕ್ ಕಾರಾದರೆ ಮೊದಲು ರೀಜೆನ್ (ಮೋಟಾರೇ ಕಾರನ್ನು ನಿಧಾನ ಮಾಡಿ ಬ್ಯಾಟರಿ ಚಾರ್ಜ್ ಮಾಡುವುದು) ಎಷ್ಟರಲ್ಲಿದೆ ನೋಡಿ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಕಾರು ಹಿಡಿದ ಹಾಗಾಗುವುದು ಹೆಚ್ಚಾಗಿ ಅದರಿಂದಲೇ.

ಕೋಟಿಂಗೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಮಳೆಗೆ ಬೇಕು ಅನಿಸಿದರೆ ಡೆಲಿವರಿ ಆದ ಮೇಲೆ, ಅವಸರ ಇಲ್ಲದ ದಿನ, ನೀವೇ ಎದುರು ನಿಂತು ಮಾಡಿಸಿ. ಚಕ್ರ ಬಿಚ್ಚಿ ಬ್ರೇಕ್ ಮುಚ್ಚುವ ತನಕ ಸ್ಪ್ರೇ ಗನ್ ಮುಟ್ಟಲು ಬಿಡಬೇಡಿ.

ಬಿಚ್ಚಿದ ಹಳೇ ಪ್ಯಾಡುಗಳನ್ನು ಕೇಳಿ ತಂದಿಟ್ಟುಕೊಂಡಿದ್ದೇನೆ. ತೀರ್ಥಹಳ್ಳಿ ಸುತ್ತಮುತ್ತ ಯಾರಾದರೂ ಕಾರು ಬುಕ್ ಮಾಡಿದ್ದರೆ ಮನೆಗೆ ಬನ್ನಿ, ಕೈಗೆ ಕೊಟ್ಟು ತೋರಿಸುತ್ತೇನೆ.