ಗಲ್ಫ್ ಕೆಲ್ಸಕ್ಕೆ ಅಂತ ಡ್ರೈವ್ ಲಿಂಕಿಗೆ ಪಾಸ್‌ಪೋರ್ಟ್ ಹಾಕುವವ್ರು ಸ್ವಲ್ಪ ನೋಡಿ

ಮಂಗ್ಳೂರು ಉಡುಪಿ ಕಡೆ ಗಲ್ಫಿಗೆ ಟ್ರೈ ಮಾಡ್ತಿರುವವ್ರಿಗೆ, ಅವ್ರ ಮನೆಯವ್ರಿಗೆ ಇದು. ಯಾವ್ದಾದ್ರೂ ಕನ್ಸಲ್ಟೆನ್ಸಿಯವ್ರು ವಾಟ್ಸ್ಯಾಪ್ ಗ್ರೂಪಲ್ಲಿ ಗೂಗಲ್ ಡ್ರೈವ್ ಲಿಂಕ್ ಬಿಟ್ಟು "ಡಾಕ್ಯುಮೆಂಟ್ಸ್ ಎಲ್ಲ ಈ ಫೋಲ್ಡರಿಗೆ ಹಾಕಿ" ಅಂದ್ರೆ ಕೂಡ್ಲೇ ಹಾಕ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಒಳಗೆ ಬೇರೆಯವ್ರ ಫೈಲ್ ನಿಮ್ಗೆ ಕಾಣ್ತದಾ ನೋಡಿ. ಕಂಡ್ರೆ ನಿಮ್ದೂ ಅವ್ರಿಗೆ ಕಾಣ್ತದೆ.

ನನ್ನ ಅಕ್ಕನ ಮಗ ಡಿಪ್ಲೊಮಾ ಮುಗ್ಸಿ ದುಬೈಗೆ ನೋಡ್ತಾ ಇದ್ದ. ಮಂಗ್ಳೂರಿನದ್ದೇ ಒಂದು ಆಫೀಸ್, ಹೆಸ್ರು ಹಾಕುದಿಲ್ಲ. ಅವ್ರು ಕೊಟ್ಟ ಲಿಂಕಿಗೆ ಇವ ಪಾಸ್‌ಪೋರ್ಟಿನ ಮೊದ್ಲ ಪುಟ, ಕಡೇ ಪುಟ, ಆಧಾರ್, ಮಾರ್ಕ್ಸ್ ಕಾರ್ಡ್, ಬಯೋಡಾಟಾ ಎಲ್ಲ ಹಾಕಿದ. ಕೆಲವು ದಿನ ಬಿಟ್ಟು ಅಕ್ಕನಿಗೆ ಒಂದು ಫೋನು, ಮಗನ ವೀಸಾ ಬಂದಿದೆ, ಮೆಡಿಕಲ್ ಸ್ಲಾಟ್ ಇವತ್ತೇ ಬುಕ್ ಮಾಡ್ಬೇಕು, ಇಲ್ಲಾಂದ್ರೆ ಕ್ಯಾನ್ಸಲ್ ಅಂತ. ಅಕ್ಕ ಹಾಗೆಲ್ಲ ಸುಲಭಕ್ಕೆ ನಂಬುವ ಜನ ಅಲ್ಲ, ಆದ್ರೆ ಫೋನ್ ಮಾಡಿದವ ಹುಡುಗನ ಪಾಸ್‌ಪೋರ್ಟ್ ನಂಬರ್, ಭಾವನ ಹೆಸ್ರು, ಮನೆ ವಿಳಾಸ ಪಿನ್‌ಕೋಡ್ ಸಮೇತ ಓದಿ ಹೇಳಿದ್ರೆ ಆಫೀಸಿನವ್ರೇ ಅಂತ ಅನಿಸದೆ ಇರ್ತದಾ? (ಕಡೇ ಪುಟದಲ್ಲಿ ಅಪ್ಪ ಅಮ್ಮನ ಹೆಸ್ರು, ವಿಳಾಸ ಎಲ್ಲ ಉಂಟಲ್ಲ. ಅಕ್ಕನ ನಂಬರ್ ಬಯೋಡಾಟಾದಲ್ಲಿತ್ತು.) 8,500 ರೂಪಾಯಿ ಕಳ್ಸಿದ್ಲು. ಆಮೇಲೆ ಕೊರಿಯರ್ ಚಾರ್ಜ್ ಅಂತ ಪುನಃ ಕೇಳಿದಾಗ ನನಗೆ ಫೋನ್ ಮಾಡಿದ್ದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಂಪ್ಲೇಂಟ್ ಕೊಟ್ಟಾಗಿದೆ, ಹಣ ಇನ್ನೂ ಬರ್ಲಿಲ್ಲ.

ಆ ಲಿಂಕನ್ನು ನಾನು ಕ್ರೋಮಿನ ಇನ್‌ಕಾಗ್ನಿಟೊ ಟ್ಯಾಬಲ್ಲಿ ಹಾಕಿ ನೋಡಿದೆ, ಅಂದ್ರೆ ಯಾವ ಜೀಮೇಲಿಗೂ ಲಾಗಿನ್ ಆಗದೆ. ಸೀದಾ ಓಪನ್! ಹುಡುಗ್ರ ಹೆಸ್ರಲ್ಲಿ ಸಾಲಾಗಿ ಪಿಡಿಎಫ್‌ಗಳು, ಕುಂದಾಪುರ ಕಡೆಯ ಒಂದು ನರ್ಸ್ ಹುಡುಗಿಯ ಪಾಸ್‌ಪೋರ್ಟ್, ಯಾರದ್ದೋ ಮದುವೆ ಸರ್ಟಿಫಿಕೇಟ್, ಒಬ್ರು ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ ಸಹ ಹಾಕಿದ್ದಾರೆ. ಫೋನ್ ಮಾಡಿದವ ಇಲ್ಲಿಂದಲೇ ತೆಗ್ದ ಅಂತ ಸಾಬೀತು ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ, ಆದ್ರೆ ಅವ ಓದಿ ಹೇಳಿದ್ದೆಲ್ಲ ಒಟ್ಟಿಗೆ ಸಿಗುವ ಜಾಗ ನನಗೆ ಬೇರೆ ಕಾಣುದಿಲ್ಲ.

ಫೋಲ್ಡರಿನ ಜನರಲ್ ಆಕ್ಸೆಸ್ (ಯಾರಿಗೆಲ್ಲ ತೆರೀತದೆ ಅನ್ನುವ ಸೆಟ್ಟಿಂಗ್) "ಎನಿವನ್ ವಿತ್ ದ ಲಿಂಕ್", ಅದ್ರಲ್ಲೂ "ಎಡಿಟರ್", ಫೈಲ್ ಹಾಕ್ಲಿಕ್ಕೆ ತೆಗೀಲಿಕ್ಕೆ ಸಹ ಆಗುವಂಥದ್ದು. ಅಂದ್ರೆ ಲಿಂಕ್ ಯಾರ ಕೈಗೆ ಸಿಕ್ತದೋ ಅವ್ರಿಗೆಲ್ಲ ಬಾಗಿಲು ತೆರೆದೇ ಉಂಟು, ಗ್ರೂಪಿನವ ಒಬ್ಬ ಫಾರ್ವರ್ಡ್ ಮಾಡಿದ್ರೆ ಮುಗೀತು. "ಮಾಮ, ನನ್ನ ಡ್ರೈವ್ ಪ್ರೈವೇಟ್ ಉಂಟಲ್ಲ" ಅಂತ ಹುಡುಗ ಕೇಳ್ದ. ಪ್ರೈವೇಟ್ ಹೌದು, ಆದ್ರೆ ಫೈಲನ್ನು ಯಾವ ಫೋಲ್ಡರಿಗೆ ಹಾಕ್ತೀರೋ ಆ ಫೋಲ್ಡರಿನ ಪರ್ಮಿಶನ್ ಆ ಫೈಲಿಗೂ ಬಂದು ಬಿಡ್ತದೆ, ನಿಮ್ಮನ್ನು ಕೇಳ್ಲಿಕ್ಕಿಲ್ಲ ಏನಿಲ್ಲ. "ವ್ಯೂವರ್" (ನೋಡ್ಲಿಕ್ಕೆ ಮಾತ್ರ) ಇದ್ರೆ ಪರವಾಗಿಲ್ಲ ಅಂತ ಕೆಲವ್ರು ಹೇಳ್ತಾರೆ. ಎಂತ ಪರವಾಗಿಲ್ಲ, ವ್ಯೂವರ್‌ಗೂ ಡೌನ್‌ಲೋಡ್ ಆಗ್ತದೆ, ಅದನ್ನು ಬೇರೆ ಸೆಟ್ಟಿಂಗಲ್ಲಿ ಬಂದ್ ಮಾಡ್ಬೇಕು, ಮಾಡಿದ್ರೂ ಸ್ಕ್ರೀನ್‌ಶಾಟ್ ತಡಿಲಿಕ್ಕಾಗುದಿಲ್ಲ.

ಆಫೀಸಿಗೆ ಹೋಗಿ ಕೇಳಿದ್ರೆ "ಸರ್, ಲಿಂಕ್ ನಮ್ಮ ಕ್ಯಾಂಡಿಡೇಟ್ಸಿಗೆ ಮಾತ್ರ ಕೊಟ್ಟದ್ದು" ಅಂತ ಅದೇ ಒಂದು ಪಾಠ. ಕ್ಯಾಂಡಿಡೇಟ್ಸ್ ಒಬ್ಬರದ್ದೊಬ್ಬರು ಪಾಸ್‌ಪೋರ್ಟ್ ನೋಡ್ಬೇಕು ಅಂತ ಎಂತ ಕರ್ಮ? ಕಂಪ್ಯೂಟರಲ್ಲಿ ಕೂತ ಹುಡುಗಿಗೆ ನಾನೇ ತೋರ್ಸಿದೆ, ಶೇರ್ ಒತ್ತಿ, ಕೆಳಗೆ "ರಿಸ್ಟ್ರಿಕ್ಟೆಡ್" ಮಾಡಿ, ಅಂದ್ರೆ ಸೇರ್ಸಿದವ್ರಿಗೆ ಮಾತ್ರ ತೆರೀತದೆ. ಮಾಡಿದ್ಲು ಪಾಪ. ಆದ್ರೆ ಮೊದ್ಲು ಇಮೇಲ್ ಹಾಕಿ ಸೇರ್ಸಿದವ್ರು ರಿಸ್ಟ್ರಿಕ್ಟೆಡ್ ಮಾಡಿದ್ರೂ ಹಾಗೇ ಉಳೀತಾರೆ, ಅವ್ರನ್ನು ಒಬ್ಬೊಬ್ಬರಾಗಿ ತೆಗೀಬೇಕು. ಕೆಲ್ಸ ಬಿಟ್ಟು ಹೋದ ಸ್ಟಾಫಿನ ಜೀಮೇಲ್ ಸಹ ಇತ್ತು ಅದ್ರಲ್ಲಿ! ಇಷ್ಟಕ್ಕೂ ಗೂಗಲ್ ಫಾರ್ಮಲ್ಲಿ ಫೈಲ್ ಅಪ್‌ಲೋಡ್ ಪ್ರಶ್ನೆ ಇಟ್ಟಿದ್ರೆ ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣ್ತಾ ಇರ್ಲಿಲ್ಲ, ಖರ್ಚೂ ಇಲ್ಲ.

ಇಂಥ ಫೋಲ್ಡರಿಗೆ ಹಾಕಿ ಆದವ್ರು ಕಾಯ್ಬೇಡಿ, ಇವತ್ತೇ ತೆಗೀರಿ. ಬೇರೆಯವ್ರ ಫೋಲ್ಡರಿಗೆ ಹಾಕಿದ್ರೂ ಮಾಮೂಲಿ ಜೀಮೇಲ್ ಅಕೌಂಟಲ್ಲಿ ಫೈಲಿನ ಓನರ್ ನೀವೇ, ಡಿಲೀಟ್ ಮಾಡ್ಲಿಕ್ಕೆ ಅವ್ರ ಪರ್ಮಿಶನ್ ಬೇಡ. ಟ್ರ್ಯಾಶಲ್ಲಿ 30 ದಿನ ಕೂತಿರ್ತದೆ, ಅಲ್ಲಿಂದ್ಲೂ ತೆಗೀರಿ. ಅಷ್ಟರೊಳಗೆ ಯಾರಾದ್ರೂ ಡೌನ್‌ಲೋಡ್ ಮಾಡಿಟ್ಟಿದ್ರೆ ಅದಕ್ಕೆ ಮದ್ದಿಲ್ಲ.

ನಮ್ಮ ಹುಡುಗ ಈಗ ತನ್ನದೇ ಫೋಲ್ಡರ್ ಮಾಡಿ ಆಫೀಸಿನ ಒಂದು ಇಮೇಲಿಗೆ ಮಾತ್ರ ವ್ಯೂವರ್ ಕೊಡ್ತಾನೆ, ಕೆಲ್ಸ ಆದ ಮೇಲೆ ತೆಗೀತಾನೆ. ಆಧಾರ್ ಕೇಳಿದ್ರೆ ಎಂತಕ್ಕೆ ಅಂತ ಕೇಳ್ತಾನೆ, ಕೊಡ್ಲೇಬೇಕಾದ್ರೆ ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್. ಮತ್ತೆ ಅದೇ ಗ್ರೂಪಿನ ಒಬ್ಬ ಹುಡುಗ ತನ್ನ ಡಿಗ್ರಿ ಸರ್ಟಿಫಿಕೇಟ್ ಫೋಲ್ಡರಿಂದ ಮಾಯ ಆಗಿದೆ ಅಂತ ಗಾಬ್ರಿ ಬಿದ್ದಿದ್ದ, ಎಲ್ರೂ ಎಡಿಟರ್ ಆದ್ರೆ ಯಾರು ಬೇಕಾದ್ರೂ ತೆಗೆದು ಹಾಕ್ಬಹುದು. ಹಾಗಾದ್ರೆ ನಿಮ್ಮ ಡ್ರೈವಲ್ಲೇ ಫೈಲಿನ ಹೆಸ್ರು ಹಾಕಿ ಹುಡುಕಿ, ಓನರ್ ನೀವಾದ್ದರಿಂದ ಬೇರೆಯವ್ರು ಅಲ್ಲಿಂದ ತೆಗೆದ್ರೂ ಅದು ಡಿಲೀಟ್ ಆಗಿರುದಿಲ್ಲ. ಅವನದ್ದು ಹಾಗೇ ಸಿಕ್ತು.