ಪುಕ್ಕಟೆ ಥೀಮಿನೊಳಗೆ ಬಂದ ಮಾಲ್‌ವೇರ್: ವರ್ಡ್‌ಪ್ರೆಸ್ ಸೈಟ್ ನಡೆಸುವವರಿಗೆ ಎಚ್ಚರಿಕೆ

ಸಾಗರದಲ್ಲಿ ನಮ್ಮ ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಸೈಟ್ ಕಟ್ಟಲು ಬಳಸುವ ‘ವರ್ಡ್‌ಪ್ರೆಸ್’ ತಂತ್ರಾಂಶದಲ್ಲಿ ನಡೆಯುವ ಅವರ ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಕಳೆದ ಮಾರ್ಚ್‌ನಲ್ಲಿ, ಮಿಡಿ ಬಂದು ಆರ್ಡರ್‌ಗಳು ಶುರುವಾಗುವ ಹೊತ್ತಿಗೆ, ಪ್ರತಿವರ್ಷ ನಮ್ಮಲ್ಲೇ ತರಿಸಿಕೊಳ್ಳುವ ಮೈಸೂರಿನ ಹಿರಿಯರೊಬ್ಬರು ಫೋನ್ ಮಾಡಿ, “ಗೂಗಲ್‌ನಲ್ಲಿ ನಿಮ್ಮ ಅಂಗಡಿ ಹೆಸರು ಒತ್ತಿದ್ರೆ ಬಹುಮಾನ ಬಂದಿದೆ ಅಂತ ಏನೇನೋ ಬರುತ್ತಮ್ಮ, ಉಪ್ಪಿನಕಾಯಿ ಕಾಣೋದೇ ಇಲ್ಲ” ಎಂದು ದೊಡ್ಡಮ್ಮನಿಗೆ ತಿಳಿಸಿದರು. ನಾನು ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿದೆ, ಎಲ್ಲವೂ ಸರಿಯಾಗಿತ್ತು. ಅವರ ಫೋನಿಗೇ ವೈರಸ್ ಬಂದಿರಬೇಕೆಂದು ಹೇಳಿಸಿಬಿಟ್ಟೆ. ಹದಿನೆಂಟು ದಿನಗಳ ನಂತರ ಕ್ರೋಮ್‌ನಲ್ಲಿ ನಮ್ಮ ಸೈಟ್ ತೆರೆಯ ಹೋದವರಿಗೆಲ್ಲ ಅಪಾಯ ಸೂಚಿಸುವ ಕೆಂಪು ಪರದೆ ಎದುರಾಗತೊಡಗಿತು. ಆ ಹದಿನೆಂಟು ದಿನಗಳಲ್ಲಿ ಎಷ್ಟು ಗ್ರಾಹಕರನ್ನು ನಮ್ಮ ಸೈಟೇ ವಂಚಕರ ಪುಟಗಳಿಗೆ ಕಳಿಸಿಕೊಟ್ಟಿತೋ ಎಂಬ ನೋವು ನನಗೆ ಇಂದಿಗೂ ಇದೆ.

ಸೈಟ್ ನೋಡಿಕೊಳ್ಳುವವನಾದ ನನಗೇ ಅದು ಕಾಣದಿದ್ದುದು ಆಕಸ್ಮಿಕವಲ್ಲ. ಸೈಟಿನೊಳಗೆ ಕಳ್ಳತನದಿಂದ ಸೇರಿಕೊಳ್ಳುವ ಇಂಥ ಮಾಲ್‌ವೇರ್ (ಕೇಡು ಮಾಡುವ ಕೋಡ್) ಸೈಟಿಗೆ ಬಂದವರು ಯಾರೆಂದು ಮೊದಲು ನೋಡುತ್ತದೆ. ಅಡ್ಮಿನ್ ಆಗಿ ಲಾಗಿನ್ ಆಗಿರುವವರಿಗೆ ಅಸಲಿ ಪುಟವನ್ನೇ ತೋರಿಸಿ, ಗೂಗಲ್ ಹುಡುಕಾಟದಿಂದ ಮೊಬೈಲ್‌ನಲ್ಲಿ ಬರುವ ಅಪರಿಚಿತರನ್ನು ಮಾತ್ರ ಬೇರೆಡೆಗೆ ಸಾಗಿಸುತ್ತದೆ. ಒಮ್ಮೆ ಸಾಗಿಸಿದವರನ್ನು ನೆನಪಿಟ್ಟುಕೊಂಡು ಎರಡನೆಯ ಸಲ ಸುಮ್ಮನಿರುವ ಕೋಡ್‌ಗಳೂ ಇವೆ. ಆದ್ದರಿಂದ ದೂರು ಕೊಟ್ಟವರು ಮತ್ತೆ ತೆರೆದು ತೋರಿಸಲು ಹೋದರೆ ಏನೂ ಆಗುವುದಿಲ್ಲ, ಅವರ ಮಾತು ಸುಳ್ಳೆಂಬಂತೆ ಕಾಣುತ್ತದೆ. ಗ್ರಾಹಕರು ಹೀಗೆ ಹೇಳಿದಾಗ ದಯವಿಟ್ಟು ನಂಬಿ.

ಸೋಂಕು ಬಂದದ್ದು ನನ್ನ ಕೈಯಿಂದಲೇ. ಸೈಟಿನ ನೋಟ ನಿರ್ಧರಿಸುವ, ಐದಾರು ಸಾವಿರ ರೂಪಾಯಿಯ ಥೀಮ್ ಒಂದು ತಾಣದಲ್ಲಿ ಪುಕ್ಕಟೆಯಾಗಿ ಸಿಕ್ಕಿತೆಂದು ಇಳಿಸಿಕೊಂಡು ಹಾಕಿದ್ದೆ. ಲೈಸೆನ್ಸ್ ಕಿತ್ತುಹಾಕಿ ಹಂಚುವ ಇಂಥ ಪ್ರತಿಗಳಿಗೆ ಈ ವಲಯದಲ್ಲಿ ‘ನಲ್ಡ್’ ಥೀಮ್ ಎನ್ನುತ್ತಾರೆ. ಅದರೊಳಗೆ ಇದ್ದದ್ದು 2017ರಿಂದ ಭದ್ರತಾ ಸಂಶೋಧಕರು ದಾಖಲಿಸುತ್ತ ಬಂದಿರುವ ‘ಡಬ್ಲ್ಯೂಪಿ-ವಿಸಿಡಿ’ ಎಂಬ ಮಾಲ್‌ವೇರ್. ಥೀಮನ್ನು ಸಕ್ರಿಯಗೊಳಿಸಿದ ಕ್ಷಣವೇ ಅದು ವರ್ಡ್‌ಪ್ರೆಸ್‌ನ ಮೂಲ ಫೈಲ್‌ಗಳಿರುವ ‘ಡಬ್ಲ್ಯೂಪಿ-ಇನ್‌ಕ್ಲೂಡ್ಸ್’ ಫೋಲ್ಡರಿನಲ್ಲಿ ತನ್ನ ಫೈಲ್‌ಗಳನ್ನು ಇಡುತ್ತದೆ, ಮತ್ತು ಸೈಟಿನಲ್ಲಿರುವ ಪ್ರತಿಯೊಂದು ಥೀಮಿನ ‘ಫಂಕ್ಷನ್ಸ್.ಪಿಎಚ್‌ಪಿ’ ಎಂಬ ಫೈಲಿನ ತಲೆಯ ಮೇಲೆ ತನ್ನ ಸಾಲುಗಳನ್ನು ಸೇರಿಸುತ್ತದೆ. ನಾನು ಆ ಫೈಲ್ ತೆರೆದಾಗ ಕಂಡದ್ದು ಹೀಗಿತ್ತು: ಹೊರಗಿನಿಂದ ಬರುವ ಕೋರಿಕೆಯಲ್ಲಿ ನಿರ್ದಿಷ್ಟ ಪಾಸ್‌ವರ್ಡ್ ಇದ್ದರೆ ಬಾಗಿಲು ತೆರೆ, ಅವರು ಕೊಟ್ಟ ಹೊಸ ಕೋಡನ್ನು ಬರೆದುಕೋ. ಆ ಪಾಸ್‌ವರ್ಡ್ ನನ್ನದಲ್ಲ. ಅಂದರೆ ನಮ್ಮ ಸೈಟ್‌ನಲ್ಲಿ ಇಂದು ಜಾಹೀರಾತು, ನಾಳೆ ಬೇರೇನೋ, ಅವರ ಇಷ್ಟದಂತೆ ನಡೆಯುತ್ತಿತ್ತು. ಇನ್ನೂ ಸಂಕಟದ ವಿಷಯವೆಂದರೆ, ಹೀಗೆ ವಶವಾದ ಸೈಟ್‌ಗಳನ್ನೇ ಬಳಸಿ ಅದೇ ಪುಕ್ಕಟೆ ಥೀಮ್ ಹಂಚುವ ತಾಣಗಳನ್ನು ಗೂಗಲ್ ಫಲಿತಾಂಶಗಳಲ್ಲಿ ಮೇಲಕ್ಕೆ ತರುವ ಕೆಲಸವೂ ಈ ಜಾಲದಲ್ಲಿ ನಡೆದಿದೆ. ನನ್ನಂತೆ ಮೋಸಹೋದ ಯಾರದೋ ಸೈಟ್ ನನಗೆ ಆ ತಾಣವನ್ನು ತೋರಿಸಿರಲೂಬಹುದು.

ಮೊದಲ ಸಲ ನಾನು ಆ ಸಾಲುಗಳನ್ನು ಅಳಿಸಿ ನೆಮ್ಮದಿಯಿಂದ ಮಲಗಿದೆ. ಬೆಳಗ್ಗೆ ನೋಡಿದರೆ ಎಲ್ಲವೂ ವಾಪಸ್ ಬಂದಿದ್ದವು. ಒಂದೇ ಹೋಸ್ಟಿಂಗ್ ಖಾತೆಯಲ್ಲಿ (ಸೈಟ್ ಇಡಲು ಬಾಡಿಗೆಗೆ ಪಡೆದ ಜಾಗ) ಭಾವನ ಹೋಂಸ್ಟೇ ಸೈಟನ್ನೂ ಇಟ್ಟಿದ್ದೆ. ಈ ಕೋಡ್ ಅಕ್ಕಪಕ್ಕದ ಫೋಲ್ಡರುಗಳನ್ನು ತಡಕಿ ಅಲ್ಲಿನ ಥೀಮುಗಳಿಗೂ ಅಂಟಿಕೊಂಡಿತ್ತು. ಇತ್ತೀಚೆಗೆ ಬದಲಾದ ಫೈಲ್ ಯಾವುದೆಂದು ದಿನಾಂಕ ನೋಡಿ ಹುಡುಕೋಣವೆಂದರೆ, ತಾನು ತಿದ್ದಿದ ಫೈಲ್‌ಗಳ ದಿನಾಂಕವನ್ನು ಮೊದಲಿನಂತೆಯೇ ಮಾಡಿಟ್ಟಿತ್ತು. ಹೋಸ್ಟಿಂಗ್‌ನವರ ಬಳಿ ಮೂವತ್ತು ದಿನಗಳ ಬ್ಯಾಕಪ್ ಇತ್ತು, ಆದರೆ ಥೀಮ್ ಹಾಕಿ ಎರಡು ತಿಂಗಳಾಗಿದ್ದರಿಂದ ಪ್ರತಿಯೊಂದರಲ್ಲೂ ಸೋಂಕಿತ್ತು.

ಕೊನೆಗೆ ಫಲ ಕೊಟ್ಟದ್ದು ತೇಪೆ ಹಚ್ಚುವುದನ್ನು ಬಿಟ್ಟು ಹೊಸದಾಗಿ ಕಟ್ಟಿದ್ದು. ಎರಡೂ ಸೈಟ್‌ಗಳನ್ನು ಮುಚ್ಚಿ, ವರ್ಡ್‌ಪ್ರೆಸ್ಸನ್ನೂ ಹೆಚ್ಚುವರಿ ಸೌಲಭ್ಯ ಕೊಡುವ ಪ್ಲಗಿನ್‌ಗಳನ್ನೂ ಅಧಿಕೃತ ತಾಣದಿಂದ ಮತ್ತೆ ಇಳಿಸಿ, ಹಳೆಯದರಿಂದ ಚಿತ್ರಗಳನ್ನು ಮತ್ತು ಡೇಟಾಬೇಸನ್ನು ಮಾತ್ರ ತೆಗೆದುಕೊಂಡೆ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಚಿತ್ರ, ಪಿಡಿಎಫ್ ಇರಬೇಕೇ ಹೊರತು ಪಿಎಚ್‌ಪಿ ಫೈಲ್ (ಸರ್ವರ್‌ನಲ್ಲಿ ಓಡುವ ಕೋಡ್) ಇರಲು ಸಾಮಾನ್ಯವಾಗಿ ಕಾರಣವಿಲ್ಲ. ನಮ್ಮದರಲ್ಲಿ ಮೂರು ಇದ್ದವು. ಬಳಕೆದಾರರ ಪಟ್ಟಿಯಲ್ಲಿ ನಾನು ಸೃಷ್ಟಿಸದ ಒಬ್ಬ ಅಡ್ಮಿನ್ ಕೂಡ ಇದ್ದ. ಹೋಸ್ಟಿಂಗ್, ಫೈಲ್ ಸಾಗಿಸುವ ಎಫ್‌ಟಿಪಿ, ಡೇಟಾಬೇಸ್, ವರ್ಡ್‌ಪ್ರೆಸ್ ಈ ನಾಲ್ಕರ ಪಾಸ್‌ವರ್ಡ್‌ಗಳನ್ನೂ ಬದಲಿಸಿ, ‘ಡಬ್ಲ್ಯೂಪಿ-ಕಾನ್ಫಿಗ್’ ಎಂಬ ಸೆಟ್ಟಿಂಗ್ ಫೈಲಿನ ಗುಪ್ತ ಕೀಲಿಗಳನ್ನು ಬದಲಾಯಿಸಿದೆ, ಇದನ್ನು ಮಾಡದಿದ್ದರೆ ಈಗಾಗಲೇ ಒಳಗೆ ಲಾಗಿನ್ ಆಗಿರುವವರು ಒಳಗೇ ಉಳಿಯಬಹುದು. ಆಮೇಲೆ ಸೈಟ್ ಮಾಲೀಕರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಮರುಪರಿಶೀಲನೆ ಕೋರಿದೆ. ಕೆಂಪು ಪರದೆ ಹೋಗುವಷ್ಟರಲ್ಲಿ ಮಿಡಿ ಸೀಸನ್ ಮುಗಿಯುತ್ತ ಬಂದಿತ್ತು.

ನಮ್ಮಲ್ಲಿ ಹಣ ಪಾವತಿ ಪೇಮೆಂಟ್ ಗೇಟ್‌ವೇಯ ಪುಟದಲ್ಲೇ ಆಗುತ್ತಿತ್ತು, ಕಾರ್ಡ್ ವಿವರ ನಮ್ಮ ಸೈಟ್‌ನಲ್ಲಿ ತುಂಬಿಸಿಕೊಳ್ಳುತ್ತಿರಲಿಲ್ಲ ಎಂಬುದೊಂದೇ ಸಮಾಧಾನ. 2018ರಲ್ಲಿ ಬ್ರಿಟಿಷ್ ಏರ್‌ವೇಸ್‌ನಂಥ ಸಂಸ್ಥೆಯ ಸೈಟಿಗೆ ಸೇರಿಸಿದ 22 ಸಾಲುಗಳ ಸ್ಕ್ರಿಪ್ಟ್ ಲಕ್ಷಾಂತರ ಗ್ರಾಹಕರ ವಿವರಗಳನ್ನು ಕದ್ದಿತ್ತು. ಹಣ ಕೊಟ್ಟು ಥೀಮ್ ತಂದವರೂ ಅಪ್‌ಡೇಟ್ ಮರೆಯಬಾರದು: 2014ರ ಡಿಸೆಂಬರ್‌ನ ‘ಸೋಕ್‌ಸೋಕ್’ ದಾಳಿ ಥೀಮುಗಳ ಜೊತೆಗೇ ಬರುತ್ತಿದ್ದ ಒಂದು ಸ್ಲೈಡರ್ ಪ್ಲಗಿನ್‌ನ ಹಳೆಯ ದೋಷದ ಮೂಲಕ ನಡೆದದ್ದು, ಆ ಪ್ಲಗಿನ್ ತಮ್ಮಲ್ಲಿದೆ ಎಂಬುದೇ ಬಹಳ ಜನರಿಗೆ ಗೊತ್ತಿರಲಿಲ್ಲ.

ನಿಮ್ಮ ಸೈಟ್ ಪರೀಕ್ಷಿಸಲು ಲ್ಯಾಪ್‌ಟಾಪ್ ಬೇಡ. ವೈ-ಫೈ ಆಫ್ ಮಾಡಿ, ಸೈಟಿಗೆ ಎಂದೂ ಲಾಗಿನ್ ಆಗದ ಮನೆಯವರೊಬ್ಬರ ಫೋನಿನಲ್ಲಿ ಮೊಬೈಲ್ ಡೇಟಾ ಹಾಕಿ, ಗೂಗಲ್‌ನಲ್ಲಿ ಹೆಸರು ಹುಡುಕಿ ಒಳಗೆ ಹೋಗಿ ನೋಡಿ. ಬೇರೆಲ್ಲಿಗಾದರೂ ಹೋದರೆ ಆ ಪುಟದಲ್ಲಿ ಏನನ್ನೂ ಒತ್ತಬೇಡಿ, ಅನುಮತಿ ಕೇಳಿದರೆ ‘ಅಲೋ’ ಕೊಡಬೇಡಿ. ನಿಮ್ಮ ಗ್ರಾಹಕರಲ್ಲಿ ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ತಿಳಿಸಿ. ಮೈಸೂರಿನ ಆ ಹಿರಿಯರಿಗೆ ನಾನೇ ಫೋನ್ ಮಾಡಿ, ಅವರ ಫೋನಿನಲ್ಲಿ ಏನೂ ದೋಷವಿರಲಿಲ್ಲ, ತಪ್ಪು ನಮ್ಮದೇ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದೆ.