ಜಾತ್ರೆ ಪುಸ್ತಕಕ್ಕೆ ಊರಿನ ಇತಿಹಾಸ ಬರೆಯುವವರೇ, ನನ್ನ ಪಾಡು ನಿಮಗೆ ಬೇಡ

ಜಾತ್ರೆ ಸೀಸನ್ ಹತ್ತಿರ ಬಂತು. ಊರೂರಲ್ಲಿ ಸ್ಮರಣ ಸಂಚಿಕೆ, ಫ್ಲೆಕ್ಸು, ನಾಮಫಲಕ ಅಂತ ಓಡಾಟ ಶುರುವಾಗುತ್ತದೆ. "ನಮ್ಮೂರ ಗುಡಿ ಇತಿಹಾಸ ಒಂದು ಪುಟ ಬರೆದುಕೊಡು" ಅಂತ ಯಾರಾದರೂ ನಿಮ್ಮ ಬೆನ್ನು ಬಿದ್ದಿದ್ದರೆ, ಮೊಬೈಲ್ ಕೈಗೆತ್ತಿಕೊಳ್ಳುವ ಮುಂಚೆ ಇದನ್ನು ಓದಿ.

ನಾನು ಕೊಪ್ಪಳದಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಹುಟ್ಟುಹಬ್ಬದ ಫ್ಲೆಕ್ಸು, ಶ್ರದ್ಧಾಂಜಲಿ ಫ್ಲೆಕ್ಸು. ದಿನಕ್ಕೆ ಹತ್ತು ತಾಸು ಕನ್ನಡ ಟೈಪ್ ಮಾಡುತ್ತೇನೆ, ಹಾಗಾಗಿ ಊರವರ ಲೆಕ್ಕದಲ್ಲಿ ನಾನೇ ಸಾಹಿತಿ. ನಮ್ಮೂರು ಕೊಪ್ಪಳ ತಾಲ್ಲೂಕಿನಲ್ಲೇ ಇದೆ. ಹೆಸರು ಹೇಳುವುದಿಲ್ಲ, ಆದ ನಗೆಪಾಟಲು ಸಾಕು.

ಊರಲ್ಲಿ ಒಂದು ಹಳೇ ಈಶ್ವರ ಗುಡಿ ಇದೆ. ಹತ್ತು ಮಂದಿ ಒಳಗೆ ನಿಂತರೆ ಹನ್ನೊಂದನೆಯವನು ಮಳೆಯಲ್ಲಿ ನೆನೆಯಬೇಕು, ಅಷ್ಟು ಸಣ್ಣದು. ಎರಡು ವರ್ಷದ ಹಿಂದೆ ಜಾತ್ರಾ ಕಮಿಟಿಯವರು ಅದಕ್ಕೆ ಬಣ್ಣ ಬಳಿಸಿ, ಮುಂದೆ ಕಟ್ಟೆ ಕಟ್ಟಿಸಿ, ಒಂದು ಸಂಚಿಕೆ ತರುವುದು ಅಂತ ತೀರ್ಮಾನ ಮಾಡಿದರು. ಜೊತೆಗೆ ಬಾಗಿಲ ಪಕ್ಕ ಕರಿ ಗ್ರಾನೈಟಿನ ಫಲಕ. ಎರಡಕ್ಕೂ ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಬಂತು. ಟೈಮು ನಾಲ್ಕು ದಿನ.

ಮೊದಲ ದಿನ ಪೂಜಾರಿ ಅಜ್ಜನನ್ನು ಕೇಳಿದೆ. "ಹಳೇದೈತಿ ತಮ್ಮಾ, ನಮ್ಮಜ್ಜಂದಿರ ಕಾಲಕ್ಕೂ ಹಳೇದ ಇತ್ತಂತ" ಅಂದರು. ಅದನ್ನು ಹೇಗೆ ಅಚ್ಚು ಹಾಕುವುದು? ರಾತ್ರಿ ನೆಟ್ ತೆಗೆದೆ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು ಅನ್ನುವಂಥ ವಿಶ್ವಕೋಶದ ತಾಣವೊಂದರಲ್ಲಿ ನಮ್ಮೂರಿನ ಹೆಸರಲ್ಲೇ ಒಂದು ಪುಟ ಇತ್ತು! ಇಂಥ ತಾಣಗಳು ಬೇಕಾದಷ್ಟಿವೆ, ಇದು ಯಾವುದು ಅಂತ ಹೇಳುವುದಿಲ್ಲ. ಕೆಟ್ಟದ್ದು ನನ್ನ ಅವಸರ, ತಾಣವಲ್ಲ.

ಪುಟದಲ್ಲಿ ಜನಸಂಖ್ಯೆ, ಪಿನ್‌ಕೋಡು, ಆಮೇಲೆ ಗುಡಿಯ ಬಗ್ಗೆ ಒಂದು ಪ್ಯಾರಾ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಎಂಬಾತ 1112ರಲ್ಲಿ ಕಟ್ಟಿಸಿದ್ದು, ಶಾಸನವೇ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಹೊಗಳಿದೆ, ಅಂತೆಲ್ಲ. ಪ್ಯಾರಾದ ಕೊನೆಗೆ ಪುಟ್ಟ ಚೌಕ ಆವರಣದಲ್ಲಿ ನೀಲಿ ಬಣ್ಣದ ಅಂಕಿ, ಅಂದರೆ ಅಡಿಟಿಪ್ಪಣಿ. ಅದನ್ನು ನೋಡಿದ ಕೂಡಲೇ ನನಗೆ ಧೈರ್ಯ ಬಂತು. ಯಾರೋ ಓದಿದವರೇ ಬರೆದಿದ್ದಾರೆ, ಆಧಾರ ಬೇರೆ ಕೊಟ್ಟಿದ್ದಾರೆ ಅಂದುಕೊಂಡೆ. ಒತ್ತಿ ನೋಡಲಿಲ್ಲ. ಹತ್ತು ಮಂದಿ ಹಿಡಿಸದ ಗುಡಿ ಎಲ್ಲಿಯ ಚಕ್ರವರ್ತಿ ಅಂತಲೂ ಕೇಳಿಕೊಳ್ಳಲಿಲ್ಲ. ನಮ್ಮೂರಲ್ಲವಾ, ಹೆಮ್ಮೆ!

ಇನ್ನೊಂದು ಹೇಳಬೇಕು, ಇದು ಇನ್ನೂ ನಾಚಿಕೆಯ ಸಂಗತಿ. ಆ ಪ್ಯಾರಾದಲ್ಲಿ 'ಯಲಬುರ್ಗಾ ತಾಲ್ಲೂಕಿನ ಈ ದೇವಾಲಯ' ಅಂತಿತ್ತು. ನಮ್ಮದು ಕೊಪ್ಪಳ ತಾಲ್ಲೂಕು. ಪಾಪ, ಬರೆದವರಿಗೆ ತಾಲ್ಲೂಕು ಗೊತ್ತಿಲ್ಲ ಅಂದುಕೊಂಡು ನಾನೇ 'ಕೊಪ್ಪಳ' ಅಂತ ತಿದ್ದಿದೆ. ಇಡೀ ಪ್ಯಾರಾದಲ್ಲಿ ಕಳ್ಳನ ಸುಳಿವು ಅದೊಂದೇ ಇತ್ತು. ಅದನ್ನೂ ಒರೆಸಿ ಹಾಕಿದೆ.

ಸಂಚಿಕೆ ಒಂದು ಸಾವಿರ ಪ್ರತಿ ಅಚ್ಚಾಯಿತು. ಇತಿಹಾಸ ಏಳನೇ ಪುಟದಲ್ಲಿ, ಬಣ್ಣದ ಬಾರ್ಡರ್ ಹಾಕಿ. ಫಲಕಕ್ಕೆ ನಾನೇ ಕಲ್ಲಿನ ಅಂಗಡಿಗೆ ಹೋಗಿ ಕೂತೆ. ಕೆತ್ತುವವರು ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಮೊದಲು ಬಿಳಿ ಬಣ್ಣದಲ್ಲಿ ಅಕ್ಷರ ಬರೆದುಕೊಂಡು, ಆಮೇಲೆ ಸಣ್ಣ ಉಳಿ ಇಟ್ಟು ಟಕ್ ಟಕ್ ಅಂತ ಹೊಡೆಯುತ್ತಾ, ನಡುನಡುವೆ ಬಾಯಿಂದ ಪುಡಿ ಊದುತ್ತಾ. ರೇಟು ಅಕ್ಷರದ ಲೆಕ್ಕ. ಅಂಕಿಗೂ ಅದೇ ರೇಟು. 1112 ಬಂದಾಗ ಕೈ ನಿಲ್ಲಿಸಿ, "ಇಸವಿ ಖಾತ್ರಿ ಐತಿಲ್ರಿ ಸರ? ಕಲ್ಲಾಗ ಹೊಡದ್ರ ಅಳಿಸಾಕ ಬರಂಗಿಲ್ಲ" ಅಂತ ಕೇಳಿದರು. ಇಡೀ ಪ್ರಕರಣದಲ್ಲಿ ಈ ಪ್ರಶ್ನೆ ಕೇಳಿದ ಮನುಷ್ಯ ಅವರೊಬ್ಬರೇ. ನಾನು ಮೊಬೈಲ್ ತೋರಿಸಿ "ಖಾತ್ರಿ ಐತಿ" ಅಂದೆ.

ಜಾತ್ರೆ ದಿನ ತೇರು ಎಳೆದಾಯಿತು. ದಾಸೋಹ ನಡೆದಿತ್ತು. ಮಗಳ ಮನೆಗೆ ಬಂದಿದ್ದ ನಿವೃತ್ತ ಮೇಷ್ಟ್ರು ಒಬ್ಬರು ಊಟ ಮುಗಿಸಿ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಫಲಕದ ಮುಂದೆ ನಿಂತು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಜೋರಾಗಿ ನಕ್ಕು ಕೇಳಿದರು: "ಏನ್ರಿ, ನಮ್ಮೂರ ಗುಡೀನ ಯಾವಾಗ ಹೊತ್ಕೊಂಡ್ ಬಂದ್ರಿ?"

ಅವರದು ಇಟಗಿ. ಈಗ ಕುಕನೂರು ತಾಲ್ಲೂಕು, ಮೊದಲು ಯಲಬುರ್ಗಾದಲ್ಲಿತ್ತು. 1112ರ ಶಾಸನ, ದಂಡನಾಯಕ ಮಹಾದೇವ, 'ದೇವಾಲಯ ಚಕ್ರವರ್ತಿ' ಅನ್ನುವ ಬಿರುದು ಎಲ್ಲಾ ಇಟಗಿಯ ಮಹಾದೇವ ದೇವಾಲಯದ್ದು. ಆ ಗುಡಿ ನೋಡಿದವರಿಗೆ ಆ ಮಾತು ಯಾಕೆ ಬಂತು ಅಂತ ಹೇಳಿಕೊಡಬೇಕಾಗಿಲ್ಲ. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ, ಕಂಬದ ಮುಂದೆ ನಿಂತು ಫೋಟೋ ಸಹ ತೆಗೆಸಿಕೊಂಡಿದ್ದೇನೆ. ಆದರೂ ತಲೆಗೆ ಹೊಳೆಯಲಿಲ್ಲ ನೋಡಿ.

ಕಮಿಟಿ ಅಧ್ಯಕ್ಷರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ರಾತ್ರಿ ಕೂತು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಪ್ಯಾರಾದ ಒಂದು ಸಾಲನ್ನು ಹಾಗೇ ನಕಲು ಮಾಡಿ, ಹಿಂದೆ ಮುಂದೆ ಉದ್ಧರಣ ಚಿಹ್ನೆ ಹಾಕಿ ಗೂಗಲ್‌ನಲ್ಲಿ ಹುಡುಕಿದೆ. ಅದೇ ಸಾಲು, ಅಕ್ಷರ ತಪ್ಪದೆ, ಇಟಗಿ ಬಗ್ಗೆ ಬರೆದ ಪುಟದಲ್ಲಿ ಸಿಕ್ಕಿತು. ಎರಡು ನಿಮಿಷವೂ ಹಿಡಿಯಲಿಲ್ಲ. ಯಾರೋ ಆ ಪ್ಯಾರಾ ಎತ್ತಿ, ಊರಿನ ಹೆಸರು ಬದಲಿಸಿ, ತಾಲ್ಲೂಕಿನ ಹೆಸರು ಬದಲಿಸುವುದು ಮರೆತು, ನಮ್ಮೂರ ಪುಟಕ್ಕೆ ಅಂಟಿಸಿದ್ದರು. ನಮ್ಮೂರ ಹುಡುಗನೇ ಅಭಿಮಾನಕ್ಕೆ ಮಾಡಿದನೋ, ಯಾರಾದರೂ ಸುಮ್ನೆ ತಮಾಷೆಗೆ ಮಾಡಿದರೋ, ಗೊತ್ತಾಗುವ ದಾರಿ ಇಲ್ಲ.

ಹಾಗಾದರೆ ಅಡಿಟಿಪ್ಪಣಿ? ಒತ್ತಿದೆ. ಒಂದು ಪತ್ರಿಕೆಯ ಲೇಖನ ತೆರೆಯಿತು, ಶಿವರಾತ್ರಿ ಸಮಯಕ್ಕೆ ಬಂದದ್ದು. ಅದರಲ್ಲೂ 1112, ಅದರಲ್ಲೂ ಚಕ್ರವರ್ತಿ. ಆಮೇಲೆ ಪುಟದ ಮೇಲ್ಗಡೆ 'ಇತಿಹಾಸ' ಅನ್ನುವ ಗುಂಡಿ ಒತ್ತಿದೆ. ನಾನು ಅದು ಊರಿನ ಇತಿಹಾಸ ಅಂದುಕೊಂಡಿದ್ದೆ, ಅಲ್ಲ. ಆ ಪುಟವನ್ನು ಯಾರು, ಯಾವತ್ತು, ಎಷ್ಟು ಗಂಟೆಗೆ ತಿದ್ದಿದರು ಅನ್ನುವ ಪಟ್ಟಿ. ಪ್ಯಾರಾ ಸೇರಿದ್ದು ಒಂದು ಶ್ರಾವಣದಲ್ಲಿ, ಸೇರಿಸಿದವರ ಹೆಸರಿಲ್ಲ, ಬರೀ ಅಂಕಿಗಳ ಸಾಲು. ಪತ್ರಿಕೆಯ ಲೇಖನ ಮುಂದಿನ ಶಿವರಾತ್ರಿಗೆ. ಅಡಿಟಿಪ್ಪಣಿ ಸೇರಿದ್ದು ಅದಾದ ಮೇಲೆ, ಬೇರೆ ಯಾರೋ ಸೇರಿಸಿದ್ದು. ಮಗ ಮೊದಲು ಹುಟ್ಟಿ, ಆಮೇಲೆ ಅಪ್ಪ ಹುಟ್ಟಿದ ಹಾಗೆ.

ಲೇಖನ ಬರೆದವರು ಪರಿಚಯದವರೇ. ಫೋನ್ ಮಾಡಿದೆ. "ನೆಟ್‌ನ್ಯಾಗ ಇತ್ತಲ್ರಿ, ನಿಮ್ಮೂರ ಪುಟದಾಗ" ಅಂದರು. ಪುಟ ನೋಡಿ ಪತ್ರಿಕೆ ಬರೆಯಿತು, ಪತ್ರಿಕೆ ನೋಡಿ ಪುಟ ಗಟ್ಟಿಯಾಯಿತು, ಆ ಪುಟ ನಂಬಿ ನಾನು ಕಲ್ಲು ಕೆತ್ತಿಸಿದೆ. ಮೂರು ಕಡೆ ಇದೆ ಅಂದರೆ ನಿಜವೇ ಇರಬೇಕು ಅಂತ ನಮಗೆ ಅನ್ನಿಸುತ್ತದೆ. ಇಲ್ಲಿ ಮೂರಕ್ಕೂ ಬೇರು ಒಂದೇ, ಆ ಬೇರೂ ಬೇರೆಯವರ ಹೊಲದಲ್ಲಿತ್ತು.

ಸಿಟ್ಟಿಗೆ ಆ ಪ್ಯಾರಾ ಅಳಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ವಾಪಸ್ ಬಂದಿತ್ತು! ಆಧಾರ ಇರುವ ಮಾಹಿತಿಯನ್ನು ಕಾರಣ ಕೊಡದೆ ತೆಗೆದಿದ್ದೀರಿ ಅಂತ ಒಂದು ಸಾಲು ಬೇರೆ. ಆಗ ಸಿಟ್ಟು ಬಂತು, ಈಗ ಯೋಚಿಸಿದರೆ ಅವರದು ಸರಿಯೇ. ಸಿಟ್ಟು ಬಂದವರೆಲ್ಲ ಅಳಿಸುತ್ತಾ ಹೋದರೆ ಅಂಥ ತಾಣ ಒಂದು ದಿನವೂ ಉಳಿಯುವುದಿಲ್ಲ. ಚರ್ಚೆಯ ಪುಟಕ್ಕೆ ಹೋಗಿ ಎಲ್ಲಾ ವಿವರಿಸಿ ಬರೆದೆ, ಇದು ಇಟಗಿಯದ್ದು, ನಮ್ಮ ಗುಡಿಯಲ್ಲಿ ಅಂಥ ಶಾಸನವೇ ಇಲ್ಲ ಅಂತ. ಹದಿನೈದು ದಿನ ಬಿಟ್ಟು ಉತ್ತರ ಬಂತು. ಗ್ರಾಮದವರೇ ತಂದ ಸ್ಮರಣ ಸಂಚಿಕೆಯ ಏಳನೇ ಪುಟದಲ್ಲೂ ಇದೇ ಮಾಹಿತಿ ಇದೆಯಲ್ಲ ಅಂತ. ನನ್ನ ತಪ್ಪನ್ನು ನನಗೇ ಸಾಕ್ಷಿಯಾಗಿ ತೋರಿಸುತ್ತಿದ್ದರು. ಏನು ಹೇಳಲಿ?

ಬೆಂಗಳೂರಲ್ಲಿರುವ ಅಳಿಯನಿಗೆ ಹೇಳಿಕೊಂಡೆ. ಅವನು ನಗಲಿಲ್ಲ, ಗೋವಾದ ಒಂದು ಕಥೆ ಹೇಳಿದ. ಇಂಥ ತಾಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವಿಕಿಪೀಡಿಯ. ಅದರ ಇಂಗ್ಲಿಷ್ ಆವೃತ್ತಿಯಲ್ಲಿ 2007ರಲ್ಲಿ 'ಬಿಚೋಲಿಂ ಸಂಘರ್ಷ' ಅಂತ ಒಂದು ಲೇಖನ ಬಂತು. ಹದಿನೇಳನೇ ಶತಮಾನದಲ್ಲಿ ಪೋರ್ಚುಗೀಸರಿಗೂ ಮರಾಠರಿಗೂ ನಡೆದ ಯುದ್ಧವಂತೆ. ಉದ್ದ ಲೇಖನ, ಸಾಲು ಸಾಲು ಅಡಿಟಿಪ್ಪಣಿ. ಒಳ್ಳೆಯ ಲೇಖನ ಅಂತ ಅಲ್ಲಿಯ ಮುದ್ರೆಯೂ ಬಿತ್ತು. ಆ ಯುದ್ಧ ನಡೆದೇ ಇರಲಿಲ್ಲ! ಆಧಾರ ಅಂತ ಕೊಟ್ಟ ಪುಸ್ತಕಗಳನ್ನು ಒಬ್ಬರು ಹುಡುಕಿ ನೋಡಿದರೆ, ಅಂಥ ಪುಸ್ತಕಗಳೇ ಇಲ್ಲ. ತೆಗೆದು ಹಾಕುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಇಷ್ಟೊಂದು ಜನ ಓದುವ ಇಂಗ್ಲಿಷ್‌ನಲ್ಲೇ ಹೀಗಾದರೆ, ನಮ್ಮೂರ ಪುಟ ನೋಡುವವರು ಯಾರು? ನಾನು, ಇನ್ನೊಬ್ಬ ಹುಡುಗ, ಬಹುಶಃ ಆ ಪತ್ರಿಕೆಯವರು.

ಹಾಗಂತ ಈ ತಾಣಗಳೆಲ್ಲ ಕಸ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 2005ರಲ್ಲಿ 'ನೇಚರ್' ಅನ್ನುವ ವಿಜ್ಞಾನ ಪತ್ರಿಕೆ ವಿಜ್ಞಾನದ 42 ವಿಷಯಗಳ ಮೇಲೆ ವಿಕಿಪೀಡಿಯ ಮತ್ತು ಬ್ರಿಟಾನಿಕಾ ವಿಶ್ವಕೋಶದ ಲೇಖನಗಳನ್ನು ತಜ್ಞರ ಕೈಲಿ ಓದಿಸಿತ್ತು. ವಿಕಿಪೀಡಿಯದಲ್ಲಿ ಲೇಖನಕ್ಕೆ ಸುಮಾರು ನಾಲ್ಕು ತಪ್ಪು, ಬ್ರಿಟಾನಿಕಾದಲ್ಲಿ ಸುಮಾರು ಮೂರು. ಬ್ರಿಟಾನಿಕಾದವರು ಆ ಲೆಕ್ಕ ಒಪ್ಪಲಿಲ್ಲ, ಅದು ಬೇರೆ ಮಾತು. ಮಗಳ ವಿಜ್ಞಾನದ ಪ್ರಾಜೆಕ್ಟಿಗೆ ನಾನು ಈಗಲೂ ವಿಕಿಪೀಡಿಯವನ್ನೇ ತೆಗೆಯುವುದು. ಸಾವಿರ ಜನ ನೋಡುವ ಪುಟದಲ್ಲಿ ತಪ್ಪು ಬಂದರೆ ಯಾರಾದರೂ ಕಿತ್ತು ಹಾಕುತ್ತಾರೆ. ಭಯ ಇರುವುದು ಸಣ್ಣ ಪುಟಗಳಲ್ಲಿ. ಊರು, ಗುಡಿ, ಮನೆತನ, ಸ್ಥಳೀಯ ಪಾಳೆಯಗಾರ, ಅಲ್ಲಿ ಕಾವಲುಗಾರರೇ ಇಲ್ಲ.

ಹಳೇ ಮಾಹಿತಿಯ ಕಾಟ ಬೇರೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೂ ಹಂಪಿಯನ್ನು ಬಳ್ಳಾರಿ ಜಿಲ್ಲೆಗೆ ಹಾಕಿ ಕಾರ್ಡು ಮಾಡಿಸಲು ನಮ್ಮ ಅಂಗಡಿಗೆ ಬರುತ್ತಾರೆ. ಎಲ್ಲಿ ನೋಡಿದಿರಿ ಅಂದರೆ, ನೆಟ್‌ನಲ್ಲಿ.

ನನಗೆ ಜಾಸ್ತಿ ಚುಚ್ಚುವುದು ಕಲ್ಲಿನ ವಿಷಯ. ನಮ್ಮ ಸೀಮೆಯಲ್ಲಿ ಕಲ್ಲಿನ ಮಾತಿಗೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆ ಶಾಸನದಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಅಲ್ಲಿವರೆಗೆ ಸಿಕ್ಕಿದ್ದವುಗಳಲ್ಲಿ ದೇವಾನಾಂಪ್ರಿಯ ಅನ್ನುವ ಬಿರುದು ಮಾತ್ರ. ಇಬ್ಬರೂ ಒಬ್ಬನೇ ಅಂತ ಗಟ್ಟಿಯಾದದ್ದು ಆ ಬಂಡೆಯಿಂದ. ನಮ್ಮ ಕೊಪ್ಪಳದಲ್ಲೇ ಗವಿಮಠದ ಗುಡ್ಡದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು ಅಶೋಕನ ಶಾಸನ ಇವೆ. ಅಂಥ ಊರಿನ ಪಕ್ಕದಲ್ಲಿ ನಾನು ಕಲ್ಲಿನಲ್ಲಿ ಸುಳ್ಳು ಬರೆಸಿದೆ.

ನೀವು ಬರೆಯುವುದಾದರೆ ದಯವಿಟ್ಟು ಆ ನೀಲಿ ಅಂಕಿ ಒತ್ತಿ. ತೆರೆದ ಲೇಖನದ ತಾರೀಖು ನೋಡಿ, ಪ್ಯಾರಾ ಸೇರಿದ ತಾರೀಖಿನ ಪಕ್ಕ ಇಟ್ಟು ನೋಡಿ. ಆಧಾರವೇ ಆಮೇಲೆ ಹುಟ್ಟಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಪ್ಯಾರಾದ ಒಂದು ಸಾಲು ಹುಡುಕಿ ನೋಡಿ, ಬೇರೆ ಊರಿನ ಪುಟದಲ್ಲಿ ಸಿಗಬಹುದು. ಶಾಸನ ಇದೆ ಅಂತ ಬರೆದಿದ್ದರೆ ಅದು ಎಲ್ಲಿ ನಿಂತಿದೆ ಅಂತ ಹೋಗಿ ನೋಡಿ, ನಿಮ್ಮೂರೇ ತಾನೆ, ನಡೆದು ಹೋದರೆ ಐದು ನಿಮಿಷ. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದ್ದಾರೆ, ಊರಿನ ಹೆಸರು ಹಿಡಿದು ಹುಡುಕಬಹುದು. ನಾನು ನೋಡಿದೆ, ಜಾತ್ರೆ ಮುಗಿದ ಮೇಲೆ. ಏನೂ ಸಿಗದಿದ್ದರೆ ಪೂಜಾರಿ ಅಜ್ಜ ಹೇಳಿದ್ದನ್ನೇ ಹಾಕಿ, 'ಬಹಳ ಹಳೆಯದು' ಅಂತ. ಅಕ್ಷರವೂ ಕಡಿಮೆ, ಕೆತ್ತನೆ ದುಡ್ಡೂ ಉಳಿಯುತ್ತದೆ.

ಫಲಕ ಇನ್ನೂ ಅಲ್ಲೇ ಇದೆ. ಹೊಸದು ಮಾಡಿಸಲು ಕಮಿಟಿಯಲ್ಲಿ ದುಡ್ಡಿಲ್ಲ, ನನ್ನನ್ನು ಕೇಳಲು ಅವರಿಗೆ ಸಂಕೋಚ, ಕೊಡಲು ನನಗೂ ಸದ್ಯ ಕೈ ಖಾಲಿ. ಫಲಕ ಕೆತ್ತಿದ ಅದೇ ಹಿರಿಯರು ಬಂದು ಕಲ್ಲಿನ ಪುಡಿಗೆ ಅಂಟು ಕಲಸಿ ಇಸವಿಯನ್ನು, ಮಹಾದೇವನನ್ನು, ಚಕ್ರವರ್ತಿಯನ್ನು ತುಂಬಿ ಉಜ್ಜಿ ಹೋದರು. ಬೈಗುಳ ಇಲ್ಲ, "ನಾ ಕೇಳಿದ್ನೆಲ್ರಿ ಸರ" ಅಂದರು ಅಷ್ಟೇ. ಬಿಸಿಲಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮಳೆ ಬಿದ್ದು ಕಲ್ಲು ಒದ್ದೆಯಾದರೆ ಸುತ್ತೆಲ್ಲ ಕಪ್ಪಾಗಿ, ತುಂಬಿದ ಜಾಗ ಮಾತ್ರ ಬೂದಿ ಬಣ್ಣಕ್ಕೆ ಉಳಿಯುತ್ತದೆ. ಆಗ 1112 ಮೊದಲಿಗಿಂತ ಚೆನ್ನಾಗಿ ಓದಬಹುದು.

ಹೋದ ತಿಂಗಳು ಮಳೆ ನಿಂತ ಹೊತ್ತಲ್ಲಿ ಒಬ್ಬ ಹುಡುಗ ಬೈಕ್ ನಿಲ್ಲಿಸಿ ಅದರ ಫೋಟೋ ತೆಗೆಯುತ್ತಿದ್ದ. ಯಾವ ಊರು, ಎಲ್ಲಿ ಹಾಕುತ್ತೀಯ ಅಂತ ಕೇಳಲು ಚಪ್ಪಲಿ ಮೆಟ್ಟಿ ಓಡಿದೆ. ನಾನು ಕಟ್ಟೆ ಮುಟ್ಟುವಷ್ಟರಲ್ಲಿ ಬೈಕು ಡಾಂಬರ್ ರಸ್ತೆ ಹತ್ತಿತ್ತು.